ಎರಡು ಮೊಳೆಯ ಹಲಗೆ

ಮಂಗಳವಾರ, ಶುಕ್ರವಾರ
ಅರಸೀಕೆರೆ ಜಂಕ್ಷನ್ನಿಗೆ ಹನ್ನೊಂದರ ಗಾಡಿ ಬಂದು ಕೂಗುವ ಹೊತ್ತಿಗೆ
ದಾಕ್ಷಾಯಣಿ ಬರುತ್ತಾಳೆ.
ಮೊದಲು ಅವಳ ಕ್ಯಾಲಿಪರಿನ ಸದ್ದು,
ಆಮೇಲೆ ಅವಳು.

ಪೋಲಿಯೋದ ಕಾಲು. ಕೊರಳಲ್ಲಿ ನಗರಸಭೆಯ ಗುರುತಿನ ಚೀಟಿ.
ಚೀಲದಲ್ಲಿ ಒಂದು ನಮೂನೆ:
ಹಲ್ಲುಜ್ಜುವುದು, ಸೀರೆ ಉಡುವುದು, ಉಣ್ಣುವುದು,
ಒಂದೊಂದರ ಮುಂದೂ ಮೂರು ಮನೆ.
ತಾನೇ. ನೆರವಿನಿಂದ. ಆಗದು.

ಮೊದಲ ದಿನ ನಾನಂದೆ,
ಎಲ್ಲಕ್ಕೂ ಆಗದು ಅಂತ ಬರಕೊಂಡು ಹೋಗು ತಾಯಿ,
ನಿನ್ನ ಕೆಲಸವೂ ಮುಗೀತು, ನಂದೂ.
ಅವಳು ಪೆನ್ನಿನ ಮುಚ್ಚಳ ತೆಗೆಯಲಿಲ್ಲ.
ಸ್ವಲ್ಪ ನೀರು ಕೊಡ್ತೀರಾ, ಅಂದಳು.

ಬಿಸಿಲಲ್ಲಿ ಬಂದವಳು ನೀರು ಕೇಳಿದರೆ
ಇಲ್ಲ ಅನ್ನುವ ಬಾಯಿ ನನ್ನದಲ್ಲ.
ಕೊಡದಿಂದ ಲೋಟಕ್ಕೆ, ಲೋಟದಿಂದ ನೆಲಕ್ಕೆ,
ಉಳಿದ ಅರ್ಧ ತಂದು ಮುಂದೆ ಹಿಡಿದೆ.
ಎಡಗೈಯಲ್ಲಿ.
ಹೊಳೆದು, ನಾಚಿ, ಹಿಂದಕ್ಕೆಳೆಯುವಷ್ಟರಲ್ಲಿ
ಅವಳು ಇಸಕೊಂಡು ಕುಡಿದಾಗಿತ್ತು.

ಹದಿನಾರು ವರ್ಷ ಸರ್ಕಾರಿ ಶಾಲೆಯ ಬಿಸಿಯೂಟದ ಒಲೆ ಮುಂದೆ
ಇನ್ನೂರ ನಲವತ್ತು ತಟ್ಟೆಗೆ ಬಡಿಸಿದವಳು ನಾನು.
ಎಡಗೈ ಚಾಚಿದ ಮಕ್ಕಳಿಗೆ ಸೌಟಿನ ಹಿಡಿಯಿಂದ ತಟ್ಟಿ
ಆ ಕೈ ಅಲ್ಲ ಕಣೋ, ಅಂದವಳು.
ಒಬ್ಬ ಎಡಚನಿದ್ದ, ಪ್ರಭುಲಿಂಗ ಅಂತ.
ದಿನಾ ತಟ್ಟಿಸಿಕೊಂಡ. ಈಗ ಎಲ್ಲಿದ್ದಾನೋ.

ಆಮೇಲೊಂದು ಬೆಳಿಗ್ಗೆ ನಾನೆದ್ದೆ,
ಬಲಗೈ ಏಳಲಿಲ್ಲ.

ತಂಗಿ ಕಲಸಿ ತಿನ್ನಿಸುತ್ತಿದ್ದಳು. ಪ್ರೀತಿಗೆ ಕೊರತೆಯಿರಲಿಲ್ಲ.
ಆದರೆ ತುತ್ತು ಅವಳ ಬೆರಳಿನ ಅಳತೆಯದು,
ನನಗೆ ಹಸಿವಾಗುವುದೂ ಅವಳ ಗಡಿಯಾರಕ್ಕೆ.
ಸಾರಿಗೆ ಉಪ್ಪು ಸಾಲದು ಅಂತ
ಏಳು ತಿಂಗಳು ನಾನು ಹೇಳಲಿಲ್ಲ.

ಮೂರನೇ ವಾರ ದಾಕ್ಷಾಯಣಿ ಒಂದು ಹಲಗೆ ತಂದಳು.
ರೈಲ್ವೆ ಗೇಟಿನ ಹತ್ತಿರದ ಬಡಗಿ ಮೊಹಿದ್ದೀನ್ ಮಾಡಿಕೊಟ್ಟದ್ದು.
ಕಾಸು ಬೇಡ ಅಂದರಂತೆ,
ಈರುಳ್ಳಿ ಹಾಕಿ ಏನಾದರೂ ಮಾಡಿದಾಗ ಕಳಿಸಿ, ಅಂದರಂತೆ.
ಕೆಳಗಿಂದ ಹೊಡೆದ ಎರಡು ಮೊಳೆ, ಮೊನೆ ಮೇಲಕ್ಕೆ.
ಈರುಳ್ಳಿ ಚುಚ್ಚಿ ಕೂರಿಸಿದರೆ
ಹಿಡಕೊಳ್ಳುವ ಕೈ ಬೇಡ,
ಹೆಚ್ಚುವ ಕೈ ಒಂದಿದ್ದರೆ ಸಾಕು.
ಅಡಿಗೊಂದು ಒದ್ದೆ ಬಟ್ಟೆ, ಜಾರದ ಹಾಗೆ.

ಮೊದಲ ಈರುಳ್ಳಿಗೆ ಇಪ್ಪತ್ತು ನಿಮಿಷ.
ಅಷ್ಟು ಹೊತ್ತೂ ಅವಳು
ಎರಡೂ ಕೈ ತೊಡೆಯಡಿ ಸಿಕ್ಕಿಸಿಕೊಂಡು ಕೂತಿದ್ದಳು.
ಯಾಕೆ ಅಂತ ಕೇಳಿದೆ.
ಇಲ್ಲಾಂದ್ರೆ ಕಿತ್ಕೊಂಡು ನಾನೇ ಹೆಚ್ಚಿಬಿಡ್ತೀನಿ,
ನಮ್ಮವ್ವ ಹಂಗೆ ಎತ್ತೆತ್ತಿಕೊಂಡೇ ಓಡಾಡಿ
ಒಂಬತ್ತು ತುಂಬೋವರೆಗೂ ನಾನು ನಿಲ್ಲಲಿಲ್ಲ, ಅಂದಳು.
ಬಾಗಿಲಲ್ಲಿ ತಂಗಿ ಸೆರಗಿಂದ ಕಣ್ಣೊರೆಸಿದಳು.
ಈರುಳ್ಳಿ ಘಾಟು, ಅಂದಳು.

ಈಗ ಬುಧವಾರ ಹಾಸನ ರಸ್ತೆಯ ಹಗಲು ಕೇಂದ್ರದಲ್ಲಿ
ಉಪ್ಪಿಟ್ಟು ಬಡಿಸುವುದು ನಾನು.
ರೈಲ್ವೆಯಲ್ಲಿದ್ದ ಚಿಕ್ಕವೀರಯ್ಯನವರು
ಎಡಗೈಯಿಂದ ಕೊಟ್ಟದ್ದು ಮುಟ್ಟಲ್ಲ ಅಂದರು.
ಮುಟ್ಟಬೇಡಿ, ಅಂತ ಪಕ್ಕದವರಿಗೆ ಬಡಿಸಿದೆ.
ಇವತ್ತಿಗೂ ಕೈಯಿಂದ ತಗೊಳ್ಳುವುದಿಲ್ಲ.
ಮೇಜಿನ ಮೇಲಿಟ್ಟು ನಾನು ಬೆನ್ನು ತಿರುಗಿಸಬೇಕು.
ತಟ್ಟೆಯೇನೋ ಖಾಲಿಯಾಗುತ್ತದೆ.

ನಮೂನೆಯಲ್ಲಿ ಉಣ್ಣುವುದರ ಗುರುತು ಮನೆ ಬದಲಿಸಿದೆ.
ಸೀರೆ ಉಡುವುದು ನೆರವಿನಿಂದಲೇ. ಅದು ಹಾಗೇ ಇರುತ್ತದೆ.
ನೆರಿಗೆ ಹಿಡಿಯಲು ತಂಗಿ ಬೇಕು,
ಬೇಕು ಅನ್ನಲು ಈಗ ನಾಚಿಕೆಯಿಲ್ಲ.
ಉಪ್ಪಿನ ವಿಷಯವೂ ಹೇಳಿದ್ದೇನೆ, ಎರಡು ದಿನ ಮಾತು ಬಿಟ್ಟಿದ್ದಳು.

ದಾಕ್ಷಾಯಣಿಯ ಗೌರವಧನ ಮೂರು ತಿಂಗಳಿಂದ ಬಂದಿಲ್ಲ.
ಅದನ್ನು ಬರೆಯಲು ಆ ನಮೂನೆಯಲ್ಲಿ ಮನೆಯೇ ಇಲ್ಲ.
ಹೋಗುವಾಗ ಅವಳ ಚೀಲಕ್ಕೆ ಎರಡು ರೊಟ್ಟಿ ಹಾಕುತ್ತೇನೆ,
ಬೇಡ ಅನ್ನುತ್ತಾಳೆ, ನೆರವಿನಿಂದ ಅಂತ ಬರಕೋ ಅನ್ನುತ್ತೇನೆ.

ಮೊಹಿದ್ದೀನರಿಗೆ ಮಾತ್ರ ಇನ್ನೂ ಏನೂ ಕಳಿಸಿಲ್ಲ.
ತಾಳಿ.
ಇನ್ನೂ ಸ್ವಲ್ಪ ಸಣ್ಣಗೆ ಹೆಚ್ಚಲು ಬರಲಿ.